ಪೆಡಲ್ ಇಲ್ಲದ ಮೂರು ಸೈಕಲ್ಲುಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕೂತಿರುವ ಮೂವರು ತರಬೇತುದಾರರೇ, ಮುಂದಿನ ಕುರ್ಚಿಗಳನ್ನು ಖಾಲಿ ಬಿಟ್ಟು ಹಿಂದೆಯೇ ಒತ್ತೊತ್ತಾಗಿ ಕೂತಿರುವ ಸಭಿಕರೇ,

ನಿವೃತ್ತ ಮುಖ್ಯೋಪಾಧ್ಯಾಯಿನಿಯ ಕೈಗೆ ಮೈಕು ಕೊಟ್ಟಿದ್ದೀರಿ. ಮುಂದಿನದಕ್ಕೆ ನಾನು ಹೊಣೆಯಲ್ಲ. ನನ್ನ ಮೊಮ್ಮಗಳು ಕಿರಿಯರ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಇಲ್ಲಿ ನಿಂತಿರುವ ಮೂರು ರೇಸ್ ಸೈಕಲ್ಲುಗಳಲ್ಲಿ ಒಂದನ್ನು ಕ್ಲಬ್ಬು ಅವಳಿಗೆ ಕೊಡುತ್ತಿದೆ. ಯಾವುದೆಂದು ಮನೆಯ ಹಿರಿಯಳಾಗಿ ನಾನು ಘೋಷಿಸಬೇಕಂತೆ. ಈ ಮೂವರಲ್ಲಿ ಒಮ್ಮತ ಮೂಡಿದ್ದರೆ ನನ್ನನ್ನು ಯಾರು ಕರೆಯುತ್ತಿದ್ದರು?

ಮೂವರೂ ಮನೆಗೆ ಬಂದಿದ್ದರು. ರಸ್ತೆ ರೇಸಿನವರು, "ಅಮ್ಮಾ, ಸಣ್ಣ ಟೈರು, ಬಾಗಿದ ಹ್ಯಾಂಡಲ್ಲು, ಗಾಳಿ ಸೀಳ್ಕೊಂಡು ಹೋಗ್ತಾಳೆ" ಎಂದರು. ಗುಡ್ಡದ ರೇಸಿನವರು, "ದಪ್ಪ ಟೈರು, ಅಗಲ ಹ್ಯಾಂಡಲ್ಲು, ಕಲ್ಲಿನ ಮೇಲೆ ಹಾರಿಸಿದ್ರೂ ಕೈ ನೋಯಲ್ಲ" ಎಂದರು. ಟ್ರ್ಯಾಕ್ ರೇಸಿನವರು, "ಒಂದೇ ಗೇರು, ಬ್ರೇಕ್ ಇಲ್ಲ" ಎಂದರು. ಬ್ರೇಕ್ ಇಲ್ಲ ಎಂದ ಕೂಡಲೇ ಅವರ ಮುಂದಿದ್ದ ಕಾಫಿಯನ್ನು ನಾನು ಒಳಗೆ ತೆಗೆದುಕೊಂಡು ಹೋದೆ. ಅವರು ಕ್ಷಮಿಸಬೇಕು.

ಆಮೇಲೆ ಈ ಸೈಕಲ್ಲುಗಳಿದ್ದ ಅಂಗಡಿಗೆ ಹೋಗಿ ನೋಡಿದರೆ ಮೂರರಲ್ಲಿ ಒಂದಕ್ಕೂ ಪೆಡಲ್ಲೇ ಇಲ್ಲ! "ಬ್ರೇಕ್ ತೆಗೆದಿದ್ದು ಸಾಲದು ಅಂತ ಪೆಡಲ್ಲನ್ನೂ ಕಿತ್ಕೊಂಡ್ರಾ?" ಎಂದು ಅಂಗಡಿಯವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಅವರು ನಗುತ್ತಲೇ, "ಮೇಡಂ, ರೇಸ್ ಸೈಕಲ್ ಬರೋದೇ ಹೀಗೆ. ಅವರವರ ಶೂಗೆ ಹೊಂದೋ ಪೆಡಲ್ ಅವರವರೇ ತರ್ತಾರೆ. ಸೈಕಲ್ ಬದಲಾದ್ರೂ ಅದು ಜೊತೆಗೇ ಹೋಗುತ್ತೆ" ಎಂದರು. ಆ ಮಾತು ನನಗೆ ಹಿಡಿಸಿತು. ಬೈದ ಬಾಯಲ್ಲೇ ಒಂದು ಜೊತೆ ಪೆಡಲ್ ಕೇಳಿ ಕೊಂಡುಕೊಂಡೆ.

ನಿನ್ನೆ ರಾತ್ರಿಯವರೆಗೂ ಗುಡ್ಡದ ಸೈಕಲ್ಲೇ ಎಂದು ನಿಶ್ಚಯಿಸಿದ್ದೆ. ಯಾಕೆ? ರಸ್ತೆಯೆಂದರೆ ನನಗೆ ಭಯ. ಇವಳ ಅಪ್ಪ, ನನ್ನ ಮಗ, ರಸ್ತೆ ರೇಸಿನಲ್ಲೇ ಬಿದ್ದದ್ದು. ಮುಂದಿದ್ದವನು ಗಕ್ಕನೆ ಬ್ರೇಕ್ ಹಿಡಿದ, ಇವನು ಅವನ ಮೇಲೆ ಹೋಗಿ ಬಿದ್ದ. ಮುರಿದ ಕಾಲು ಕೂಡಿತು, ಆದರೆ ಮೊದಲಿನಂತಾಗಲಿಲ್ಲ. ತನ್ನ ಸ್ಪ್ಯಾನರುಗಳನ್ನೆಲ್ಲ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದ. ಮಗಳನ್ನು ದಿನಾ ಅಭ್ಯಾಸಕ್ಕೆ ಕರೆತರುತ್ತಾನೆ, ಗೇಟಿನ ಹೊರಗೇ ನಿಲ್ಲುತ್ತಾನೆ, ಸೈಕಲ್ ಮುಟ್ಟುವುದಿಲ್ಲ. ಈಗಲೂ ಬಾಗಿಲ ಪಕ್ಕದಲ್ಲೇ ಕೂತಿದ್ದಾನೆ. ಇದನ್ನೆಲ್ಲ ಹೇಳಬೇಕೆಂದು ನಾನು ಬಂದವಳಲ್ಲ. ಮೈಕಿನ ತಪ್ಪು.

ಇವತ್ತು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಮೊಮ್ಮಗಳು, "ಅಜ್ಜಿ, ಟ್ರ್ಯಾಕಲ್ಲಿ ಯಾರಿಗೂ ಬ್ರೇಕ್ ಇರಲ್ಲ. ಹಾಗಾಗಿ ಮುಂದಿರೋರು ಗಕ್ಕನೆ ನಿಲ್ಲೋಕೇ ಆಗಲ್ಲ. ಅಪ್ಪ ಬಿದ್ದ ಹಾಗೆ ಬೀಳಲ್ಲ" ಎಂದಳು.

"ಹಾಗಾದ್ರೆ ಬೇರೆ ಥರ ಬೀಳ್ತೀಯಾ?" ಎಂದೆ.

"ಬಿದ್ರೆ ಏಳ್ತೀನಿ. ನೀನು ಜಡೆ ಬಿಗಿಯಾಗಿ ಹಾಕು."

ಆ ಜಡೆ ಹಾಕುವಾಗಲೇ ನನ್ನ ನಿಶ್ಚಯ ಸಡಿಲವಾಯಿತು. ನನ್ನ ಭಯಕ್ಕೆ ತಕ್ಕ ಸೈಕಲ್ಲನ್ನು ಅವಳ ಕಾಲಿಗೆ ಕಟ್ಟುವುದು ನ್ಯಾಯವೇ? ಅಧ್ಯಕ್ಷರೇ, ನಾನು ಘೋಷಿಸುವುದಿಲ್ಲ. ಪೆಡಲ್ ಈ ಮೇಜಿನ ಮೇಲಿಡುತ್ತೇನೆ. ಬಾ ಪುಟ್ಟಿ, ತಗೋ. ನಿನಗೆ ಬೇಕಾದ ಸೈಕಲ್ಲಿನ ಹತ್ತಿರ ಹೋಗಿ ನಿಲ್ಲು.

ನೋಡಿದಿರಾ, ಬ್ರೇಕ್ ಇಲ್ಲದ್ದಕ್ಕೇ ಹೋದಳು. ಟ್ರ್ಯಾಕಿನವರೇ, ಕಾಫಿಗೆ ಮತ್ತೆ ಬನ್ನಿ.

ಏನಂದಿರಿ ಅಧ್ಯಕ್ಷರೇ, ಪೆಡಲ್ ಜೋಡಿಸುವುದು ಯಾರು ಎಂದೇ? ಸ್ವಲ್ಪ ತಡೆಯಿರಿ. ಬಾಗಿಲ ಹತ್ತಿರ ಯಾರೋ ಎದ್ದರು. ಹಿಂದಿನ ಸಾಲಿನವರೇ, ದಯವಿಟ್ಟು ಕಾಲು ಮಡಚಿಕೊಂಡು ದಾರಿ ಬಿಡಿ, ಅವನು ನಿಧಾನವಾಗಿ ನಡೆಯುತ್ತಾನೆ. ಕೈಯಲ್ಲಿರುವುದು ಸ್ಪ್ಯಾನರ್. ಅಟ್ಟದ ಮೇಲಿದ್ದದ್ದನ್ನು ಯಾವಾಗ ಇಳಿಸಿದನೋ, ನನಗೂ ಹೇಳಲಿಲ್ಲ.

ಎಡಗಡೆಯ ಪೆಡಲ್ಲನ್ನು ಉಲ್ಟಾ ತಿರುಗಿಸಬೇಕೆಂದು ಅಂಗಡಿಯವರು ನನಗೆ ಹೇಳಿಕೊಟ್ಟಿದ್ದರು. ಅವನಿಗೆ ಯಾರೂ ಹೇಳಬೇಕಾಗಿಲ್ಲ. ನಾನು ಹೇಳಬೇಕಾದದ್ದೂ ಮುಗಿಯಿತು. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ, ಈಗ ಮೆಟ್ಟಿಲು ಹತ್ತುತ್ತಿರುವವನನ್ನೂ ಸೇರಿಸಿ, ಧನ್ಯವಾದ, ನಮಸ್ಕಾರ.