ಶೇಷಮ್ಮನ ನಗು

“ಚಿಕ್ಕ ಕ್ಯಾಮೆರಾಕ್ಕೆ ಒಂದು ಲಕ್ಷ. ಈ ದೊಡ್ಡದನ್ನ ಕೊಟ್ರೆ ಅರ್ಧ ಬರುತ್ತೆ.”

“ಉಳಿದರ್ಧಕ್ಕೆ ನನ್ನ ಬಳೆ ಮೇಲೆ ಕಣ್ಣಾ?”

ಹೊಸನಗರದ ಬಸ್ ನಿಲ್ದಾಣದಲ್ಲಿ ಹೂ ಕಟ್ಟುತ್ತಿದ್ದ ಶೇಷಮ್ಮ ಕಿವಿಗೊಟ್ಟಳು. ಪಕ್ಕದ ಬೆಂಚಿನಲ್ಲಿ ಫೋಟೋ ತೆಗೆಯುವ ಪೂರ್ಣೇಶ್ ಕ್ಯಾಮೆರಾ ಬ್ಯಾಗಿನ ಜಿಪ್ಪು ತೆಗೆಯುತ್ತ, ಮುಚ್ಚುತ್ತ ಹೆಂಡತಿಯೊಡನೆ ಕೂತಿದ್ದ.

“ಮೊಬೈಲಲ್ಲೇ ತೆಗೀರಿ.”

“ಬೆಳಕು ಕಮ್ಮಿಯಾದ್ರೆ ಮುಖ ಮೇಣದ ಹಾಗೆ ಬರುತ್ತೆ ಮಾರಾಯ್ತಿ. ಆ ಚಿಕ್ಕದ್ರಲ್ಲಿ ಬೆಳಕು ಹಿಡಿಯೋ ಸೆನ್ಸರ್ ದೊಡ್ಡದು. ಈ ದೊಡ್ಡದನ್ನ ಎತ್ತಿದ್ರೆ ಸಂತೆಗೆ ಸಂತೆನೇ ಸೆಟೆದು ನಿಲ್ಲುತ್ತೆ.”

“ನಮ್ಮ ಮದುವೇಲಿ ನೀವೂ ಹಂಗೇ ನಿಂತಿದ್ರಿ, ಬೇಲಿಗೂಟ!”

ಶೇಷಮ್ಮ ಗೊಳ್ಳೆಂದು ನಕ್ಕಳು.

“ಅಮ್ಮಾ, ಹಂಗೇ ನಗ್ತಾ ಇರಿ!” ಪೂರ್ಣೇಶ್ ಕ್ಯಾಮೆರಾ ಎತ್ತಿದ. ಅವಳ ಕೈ ತಾನಾಗಿ ಸೆರಗು ಎಳೆಯಿತು, ಬಾಯಿ ಮುಚ್ಚಿಕೊಂಡಿತು.

“ನೋಡಿದ್ಯಾ?” ಅವನು ಹೆಂಡತಿಯತ್ತ ತಿರುಗಿದ.

“ನೋಡಿದೆ. ಬಳೆ ವಿಷ್ಯ ಮನೇಲಿ ಮಾತಾಡಣ. ಬಸ್ ಬಂತು, ಹತ್ತಿ.”

ಫೋಟೋದಲ್ಲಿ ಅವನಿಗೆ ಶೇಷಮ್ಮನ ಸೆರಗು ಸಿಕ್ಕಿತು, ನಗು ಸಿಗಲಿಲ್ಲ.