ಹಮೂದನ ಹಸಿರು ಪಿಕಪ್

ರುಸ್ತಾಕ್‌ನ ಗುಡ್ಡಗಳಲ್ಲಿ ಮಧ್ಯಾಹ್ನದಿಂದ ಮಳೆ ಹಿಡಿದಿತ್ತು. ಹಳ್ಳದ ದಂಡೆಯಲ್ಲಿದ್ದ ಜುವೈನಾಳ ಗ್ಯಾರೇಜಿನಲ್ಲಿ ಮೂವರು ಯುವಕರು ಮುಖ ಊದಿಸಿಕೊಂಡು ಕುಳಿತಿದ್ದರು. ಹಳ್ಳ ದಾಟಲು ಹೋಗಿ ಅವರ ಜೀಪು ನೀರು ಕುಡಿದಿತ್ತು. ಈಗ ಪ್ಲಗ್ಗುಗಳನ್ನೆಲ್ಲ ಬಿಚ್ಚಿಸಿಕೊಂಡು, ಬಾನೆಟ್ ತೆರೆದುಕೊಂಡು ನಿಂತಿತ್ತು. ಆಚೆ ದಡದಲ್ಲಿ ಮದುವೆ, ಕತ್ತಲಾಗುವುದರೊಳಗೆ ತಲುಪಬೇಕು. ಎಪ್ಪತ್ತು ದಾಟಿದ ಜುವೈನಾ ಮಾತ್ರ ಇವರನ್ನು ಇವತ್ತು ನೀರಿಗೆ ಬಿಡುವುದಿಲ್ಲವೆಂದು ಆಗಲೇ ನಿಶ್ಚಯಿಸಿದ್ದಳು.

"ಪ್ಲಗ್ ಹಾಕಿ ಒಂದ್ಸಲ ಕೀ ತಿರುಗಿಸಿ ನೋಡೋಣ ಅಜ್ಜಿ," ಎಂದ ಅವರಲ್ಲಿ ಹಿರಿಯನಾದ ಕಹ್ಲಾನ್. "ಇಷ್ಟು ನೀರಿಗೆ ಗಂಡಸರು ಹೆದರ್ತಾರಾ?"

ಮೂಲೆಯಲ್ಲಿದ್ದ ಹಳೆಯ ಹಸಿರು ಪಿಕಪ್ಪಿನ ಕಡೆ ಜುವೈನಾ ಒಮ್ಮೆ ನೋಡಿದಳು. ಆಮೇಲೆ ಏಲಕ್ಕಿ ಕಾಫಿ ಬಗ್ಗಿಸಿ ಕೊಟ್ಟಳು.

"ಬಾಯಿಗೆ ಖರ್ಜೂರ ಹಾಕ್ಕೊಂಡು ಕೂತ್ಕೋ... ಆ ಮಾತು ಇಲ್ಲಿ ಆಡಬಾರದು. ಯಾಕೆ ಗೊತ್ತಾ? ನನ್ನ ಗಂಡ ಹಮೂದನಿಗೂ ಅದನ್ನೇ ಅಂದಿದ್ರು. ಅಲ್ಲಿ ಹಳ್ಳದಲ್ಲಿ ಅಪಾಯದ ಗುರುತಿಗೆ ಕೆಂಪು ಬಳಿದ ಕಂಬ ಇದೆಯಲ್ಲ, ನೀರು ಅದನ್ನ ಮುಟ್ಟಿದೆ ಅಂತ ಒಂದಿನ ಗಾಡಿ ತಿರುಗಿಸ್ಕೊಂಡು ಬಂದ. ಒಳ್ಳೇ ಕೆಲಸ ತಾನೆ? ಆದ್ರೆ ಊರ ಗಂಡಸರು ಕಾಫಿಗೆ ಕೂತಾಗೆಲ್ಲ ವರ್ಷವಿಡೀ ಅದನ್ನೇ ಆಡ್ಕೊಂಡ್ರು. ಮುಂದಿನ ಮಳೆಗೆ ಕಂಬ ಪೂರ್ತಿ ಮುಳುಗಿತ್ತು, ಇವನು ಇಳಿದೇಬಿಟ್ಟ... ಮೂರನೇ ದಿನ ಅವನು ಸಿಕ್ಕಿದ, ಐದನೇ ದಿನ ಗಾಡಿ ಸಿಕ್ತು.

"ಗುಜರಿಗೆ ಹಾಕು ಅಂದ್ರು ಮೈದುನಂದಿರು. ಯಾವ ಮೆಕ್ಯಾನಿಕ್ಕೂ ಮುಟ್ಟಲಿಲ್ಲ. ನಾನು ಮುಟ್ಟಿದೆ. ಹಳ್ಳ ನನ್ನ ಗಂಡನ್ನ ತಗೊಂಡಿತು, ಗಾಡೀನೂ ಕೊಡಬೇಕಾ? ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡಬಾರದು, ಸರಿ; ಗ್ಯಾರೇಜು ಮನೆಯಂಗಳದಲ್ಲೇ ಇದೆಯಲ್ಲ! ಸೀಟು ಕಿತ್ತು ಬಿಸಿಲಿಗೆ ಹಾಕಿ, ಹಾಲು ಬೆರೆಸಿದ ಚಹಾದ ಹಾಗಾಗಿದ್ದ ಆಯಿಲನ್ನ ನಾಲ್ಕು ಸಲ ಬಸಿದು, ಒಂದೊಂದು ವೈರಿನ ತುದೀನೂ ಉಜ್ಜಿ ಉಜ್ಜಿ... ಕೊನೇ ದಿನ ಕೀ ತಿರುಗಿಸಿದ್ರೆ ಒಂದೇ ಸಲಕ್ಕೆ ಹಿಡೀತು.

"ಹಳ್ಳ ಒಣಗಿದ್ದಾಗ ಬಂಗಾರದಂಥ ಗಾಡಿ. ನೀರು ಬಂತೋ, ಕೀ ಇಲ್ಲದೇನೇ ಶುರುವಾಗಿ ದಂಡೆ ಕಡೆ ಹೊರಡುತ್ತೆ. ಮೊದಲನೇ ಸಲ ಓಡಿ ಹತ್ತಿ ಬ್ರೇಕ್ ಎಳೆದೆ. ಸ್ಟೀರಿಂಗ್ ಮೇಲೆ ನನ್ನ ಕೈ... ಅದರ ಮೇಲೆ ತಣ್ಣಗೆ ಇನ್ನೊಂದು ಕೈ. ಉಗುರಲ್ಲಿ ಮರಳು. ಹೆದರಿದೆನಾ? ಹೆದರಿದೆ ಕಣ್ರೋ, ಹೆದರ್ಕೊಂಡೇ ಬೈದೆ. 'ದಾಟಿ ತೋರಿಸೋದು ಯಾರಿಗೆ, ಹಮೂದ್? ಆಡ್ಕೊಂಡವರು ನಿನ್ನ ಹೆಣಕ್ಕೆ ಹೆಗಲು ಕೊಟ್ಟು ಮನೆಗೆ ಹೋದ್ರು. ಇಳಿ ಕೆಳಗೆ!' ಅಂದೆ."

"ಮಾರಿಬಿಡಬೇಕಿತ್ತು ಅಜ್ಜಿ." ಕಹ್ಲಾನನ ದನಿ ಸಣ್ಣಗಾಗಿತ್ತು.

"ಮಾರಿದ್ರೆ ಯಾರ ಮನೆ ಮಗನನ್ನಾದ್ರೂ ಕರ್ಕೊಂಡು ನೀರಿಗೆ ಇಳೀತಾನೆ. ನನ್ನ ಹತ್ರಾನೇ ಇರ್ಲಿ. ಮೂವತ್ತು ವರ್ಷ ಆಯ್ತು, ಒಂದು ಸಲಾನೂ ಗೆಲ್ಲೋಕೆ ಬಿಟ್ಟಿಲ್ಲ. ಈಗೀಗ ಮೋಡ ಕಟ್ಟಿದ ಕೂಡಲೇ ಬ್ಯಾಟರಿ ಕಿತ್ತಿಡ್ತೀನಿ. ಅದೋ, ನಿನ್ನ ಕಾಲ ಹತ್ರಾನೇ ಇದೆ. ಬ್ಯಾಟರಿ ಇಲ್ಲ ಅಂದ್ರೆ ಸುಮ್ಮನಿರ್ತಾನೆ. ಆದ್ರೆ ಯಾರಾದ್ರೂ ಆ ಮಾತು ಆಡಿದ ದಿನ..."

ಮೂಲೆಯಲ್ಲಿ ಪಿಕಪ್ಪಿನ ಇಂಜಿನ್ ಒಮ್ಮೆ ಕೆಮ್ಮಿ ಹಿಡಿದುಕೊಂಡಿತು. ಕಹ್ಲಾನ್ ಕುಳಿತಿದ್ದ ಕಡೆಗಿದ್ದ ಅದರ ಬಾಗಿಲು ತಾನಾಗಿ ತೆರೆದುಕೊಂಡಿತು.

ಜುವೈನಾ ಬಟ್ಟಲು ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಎದ್ದಳು.

"ನೀವ್ಯಾರೂ ಅಲ್ಲಾಡಬೇಡಿ," ಎಂದಳು. "ಅವನಿಗೆ ಜೊತೆಗೊಬ್ಬ ಹೆದರದ ಗಂಡಸು ಬೇಕಂತೆ. ಮೊದಲು ನನ್ನನ್ನ ದಾಟಿ ಬರ್ಲಿ."