ಅಂಗಡಿ ಮುಂದೆ ನಿಲ್ಲುತ್ತಿದ್ದ ಮಾವ

ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಆಗಲೇ ಗಡಿಯಾರ ನೋಡ್ತಿರೋ ದೊಡ್ಡ ಡಾಕ್ಟ್ರೇ, ಇವತ್ತು ನಮ್ಮನ್ನೆಲ್ಲ ಬಿಟ್ಟು ಬೇರೆ ಆಸ್ಪತ್ರೆಗೆ ಹೊರಟಿರೋ, ರೋಗಿಗಳಿಗೆ ನಡಿಗೆ ಕಲಿಸೋ ಟೀಚರಕ್ಕ, ನಮ್ಮ ಲಾಂಡ್ರಿಯ ಮೇಸ್ತ್ರಿಗಳೇ, ಕಾಲು ಚಾಚಿ ಕೂತಿರೋ ಸಭಿಕರೇ,

ಇಲ್ಲಿ ಮಾತಾಡಬೇಕಾಗಿದ್ದವರು ನಮ್ಮ ಸೋದರಮಾವ. ಅವರು ಬಸ್ ಸ್ಟ್ಯಾಂಡಿಂದ ನಡ್ಕೊಂಡು ಬರ್ತಿದ್ದಾರೆ. ಬರೋವರೆಗೂ ಮಾತು ಎಳೀತಿರು ಅಂತ ನನ್ನನ್ನ ಇಲ್ಲಿ ನಿಲ್ಸಿದ್ದಾರೆ. ಎಳೀತೀನಿ.

ಈ ಊರಿಗೆ ನನ್ನನ್ನ ಕರ್ಕೊಂಡು ಬಂದು, ತಮ್ಮ ರೂಮಲ್ಲಿ ಅರ್ಧ ಚಾಪೆ ಕೊಟ್ಟವರು ಮಾವ. ಈ ಆಸ್ಪತ್ರೆ ಲಾಂಡ್ರಿಯಲ್ಲಿ ಒಗೆದ ಬೆಡ್‌ಶೀಟ್ ಗಾಡಿ ತಳ್ಳೋದು ಅವರ ಕೆಲಸ. ಆದ್ರೆ ದಾರೀಲಿ ವಾದ್ಯದ ಅಂಗಡಿ ಬಂತು ಅಂದ್ರೆ ಸಾಕು, ನಿಂತುಬಿಡೋರು. ಗಾಜಿನೊಳಗೆ ನೋಡೋದೇ ನೋಡೋದು! ನಾವು ರೂಮಿನವರು ಏನಂದ್ಕೊಂಡ್ವಿ? ಪಾಪ, ಸಂಗೀತದ ಹುಚ್ಚು. ಎಲ್ಲರೂ ಸೇರಿ ಒಂದು ಮೌತ್ ಆರ್ಗನ್ ತಂದುಕೊಟ್ವಿ. ಮಾವ ಅದನ್ನ ತಿರುಗಿಸಿ ಮುರುಗಿಸಿ ನೋಡಿ, "ಲೋ, ಇದೇನೋ, ಬಾಚಣಿಗೆನಾ?" ಅಂದ್ರು.

ಮೇಸ್ತ್ರಿಗಳು ಮಾತ್ರ ಸೋಮಾರಿ ಅಂದ್ರು. ಗಾಡಿ ಕಿತ್ಕೊಂಡ್ರು. ತಪ್ಪು ಅವರದಲ್ಲ. ಅಂಗಡಿ ಹತ್ರ ಬರೋಹೊತ್ತಿಗೆ ಮೀನಖಂಡ ಹಿಂಡುತ್ತೆ, ಅದಕ್ಕೇ ನಿಲ್ತೀನಿ ಅಂತ ಮಾವ ಬಾಯಿ ಬಿಟ್ಟಿದ್ರೆ ತಾನೆ?

ಬಾಯಿ ಬಿಡಿಸಿದ್ದು ಟೀಚರಕ್ಕ. ಕಾಲಿನ ರಕ್ತನಾಳ ಕಟ್ಕೊಂಡಿದೆ, ಸ್ನಾಯುವಿಗೆ ರಕ್ತ ತರೋ ಗಾಳಿ ಸಾಲ್ತಿಲ್ಲ, ಗಾಳಿ ಇಲ್ಲದ ಒಲೆ ಥರ ಅದು ಉರಿಯೋಕಾಗದೆ ಹೊಗೆಯಾಡ್ತಿದೆ ಅಂದ್ರು. ಸಿಗರೇಟು ಬಿಡಿಸಿದ್ರು. ನೋವು ಬರೋವರೆಗೂ ನಡಿ, ನಿಲ್ಲು, ಮತ್ತೆ ನಡಿ. ಮಾವ ಬೈಕೊಂಡೇ ನಡೆದ್ರು. ನಾನೂ ಜೊತೆಗೆ. ಒಂದಿನ "ಕಾಲು ಕತ್ತರಿಸಿಬಿಟ್ರೆ ಊರಿಗೆ ಹೇಳಬೇಡ ಕಣೋ" ಅಂದ್ರು. ನಾನು ಬಗ್ಗಿ ಅವರ ಶೂ ಲೇಸ್ ಕಟ್ದೆ.

ಆಮೇಲೆ ಟೀಚರಕ್ಕ ಹೇಳಿದ್ರು: "ನಾಳ ಹಾಗೇ ಇದೆ, ಬರೋ ರಕ್ತ ಹೆಚ್ಚುಕಮ್ಮಿ ಅಷ್ಟೇ. ಆದ್ರೆ ನಿಮ್ಮ ಸ್ನಾಯು ಅಷ್ಟರಲ್ಲೇ ಸಂಸಾರ ಮಾಡೋಕೆ ಕಲ್ತಿದೆ." ಮಾವ ತಿರುಗಿ ನನಗಂದ್ರು, "ನೀನು ಯಾವಾಗ ಕಲಿಯೋದು?"

ಇವತ್ತು ಮೇಸ್ತ್ರಿಗಳ ಶರತ್ತು. ಬಸ್ ಸ್ಟ್ಯಾಂಡಿಂದ ಇಲ್ಲಿವರೆಗೂ ಎಲ್ಲೂ ನಿಲ್ಲದೆ ಬಂದ್ರೆ ಗಾಡಿ ವಾಪಸ್. ಸಾಕ್ಷಿಗೆ ನಮ್ಮ ಡ್ರೈವರ್ ಹಿಂದೆಯೇ ಬರ್ತಿದ್ದಾನೆ. ಮಾವ ಹೊರಡುವಾಗ ಅಂದ್ರು, "ನಿಲ್ಲದೆ ಬಂದ್ರೆ ಬಾಗಿಲಲ್ಲೇ ಆ ಬಾಚಣಿಗೆ ಊದ್ತೀನಿ. ನಿಂತ್ರೆ ಸುಮ್ನೆ ಬಂದು ಹಿಂದೆ ಕೂತ್ಕೋತೀನಿ. ನೀನು ಭಾಷಣ ಮುಗಿಸು."

ದಾರೀಲಿ ವಾದ್ಯದ ಅಂಗಡಿ ಇದೆ, ಸಭಿಕರೇ.

ಅಗೋ, ಡ್ರೈವರ್ ಬಂದ. ಹಿಂದೆ ಮಾವ. ತಿರುಗಬೇಡಿ, ದಯವಿಟ್ಟು. ಗೋಡೆ ಹಿಡಿದಿಲ್ಲ. ಆದ್ರೆ ಊದ್ತಾನೂ ಇಲ್ಲ. ಹಿಂದಿನ ಕುರ್ಚಿ ಹತ್ರ ಬಂದ್ರು. ಮಾವ... ಪರವಾಗಿಲ್ಲ ಮಾವ, ಕೂತ್ಕೊಳ್ಳಿ...

ಓಹೋ! ಜೇಬಲ್ಲಿ ಹುಡುಕ್ತಿದ್ರು!

ಕೇಳಿಸ್ತಾ? ರಾಗ ಇಲ್ಲ, ತಾಳ ಇಲ್ಲ, ಇಷ್ಟು ಕೆಟ್ಟದಾಗಿ ಯಾರೂ ಊದಿರಲ್ಲ. ಮೇಸ್ತ್ರಿಗಳೇ, ಕಿವಿ ಮುಚ್ಕೊಂಡ್ರೂ ಗಾಡಿ ಕೊಡಲೇಬೇಕು. ಟೀಚರಕ್ಕ, ಅಳಬೇಡಿ. ನಿಮಗೆ ಇಡೀ ನಮ್ಮ ರೂಮಿನ ವಂದನೆ. ಇನ್ನು ನಾನು ಎಳೆಯೋದು ಬೇಕಿಲ್ಲ. ನಮಸ್ಕಾರ.